ಹುಡುಗನ ಊರು ಬರೆದ್ರಿ, ರೂಮಿನ ಕಿಟಕಿ ಬಗ್ಗೆ ಬರೀಲಿಲ್ಲ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ದಾವಣಗೆರೆ ಪುಟದಲ್ಲಿ ಹಾಸ್ಟೆಲ್ ಒಂದ್ರಲ್ಲಿ ಹುಡುಗ್ರಿಗೆಲ್ಲ ಸಾಲಾಗಿ ಜ್ವರ ಬಂದಿರೋ ಸುದ್ದಿ ಹಾಕಿದ್ರಿ. ಹಬ್ಬಕ್ಕೆ ಊರಿಗೆ ಹೋಗಿ ಬಂದ ಒಬ್ಬ ಹುಡುಗನಿಂದ ಇಷ್ಟೆಲ್ಲ ಆಯ್ತು ಅಂತ ಹೆಡ್ಡಿಂಗು, ಕೆಳಗೆ ಅವನ ಊರು, ಓದ್ತಿರೋ ಕ್ಲಾಸು, ವಾಪಸ್ ಬಂದ ದಿನ, ಹೆಸರೊಂದು ಬಿಟ್ಟು ಎಲ್ಲಾ ಇತ್ತು. ಹೆಸರು ಹಾಕಿಲ್ವಲ್ಲ ಅಂತ ನಿಮಗೆ ಸಮಾಧಾನ ಇರಬಹುದು, ಆದ್ರೆ ಆ ಕ್ಲಾಸಲ್ಲಿ ಆ ಊರಿನೋನು ಒಬ್ನೇ ಇದ್ರೆ ಹೆಸರು ಹಾಕಿದ್ರೂ ಒಂದೇ ಬಿಟ್ರೂ ಒಂದೇ ಅಲ್ವೇನ್ರಿ. ಒಂದು ರೂಮಿಗೆ ಎಷ್ಟು ಮಂಚ ಹಾಕಿದಾರೆ, ರಾತ್ರಿ ಕಿಟಕಿ ತೆಗೀತಾರೋ ಇಲ್ಲಾ ಸೊಳ್ಳೆ ಬರ್ತಾವೆ ಅಂತ ಪೂರ್ತಿ ಮುಚ್ಕೊಂಡು ಮಲಗ್ತಾರೋ, ಜ್ವರ ಬಂದೋರನ್ನ ಬೇರೆ ಮಲಗಿಸೋಕೆ ಒಂದು ಕೋಣೆನಾದ್ರೂ ಐತೋ, ವಾರ್ಡನ್ನಿಗೆ ವಿಷಯ ಗೊತ್ತಾಗಿದ್ದು ಯಾವಾಗ, ಇವು ಯಾವುದೂ ಸುದ್ದೀಲಿ ಇರ್ಲಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗ್ತೈತೆ, ಕತ್ತರಿ ಹಾಕೋದಾದ್ರೆ ನನ್ನ ಮಂಟಪದ ಪುರಾಣ ಕತ್ತರಿಸಿ, ಲೆಕ್ಕದ ಭಾಗ ಬಿಡಿ.

ನಾನು ಡಾಕ್ಟ್ರಲ್ಲ. ಪಿ.ಬಿ. ರೋಡ್ ಕಡೆ ಒಂದು ಕಲ್ಯಾಣ ಮಂಟಪ ನೋಡ್ಕೊಳ್ಳೋ ಮ್ಯಾನೇಜರ್, ಬುಕಿಂಗು, ಜನರೇಟರು, ನೀರಿನ ಟ್ಯಾಂಕರು, ಬಾಳೆ ಎಲೆ ಕಸ, ಇದೇ ನನ್ನ ಕೆಲಸ. ಅಣ್ಣನ ಮಗಳು ಕಮ್ಯುನಿಟಿ ಮೆಡಿಸಿನ್‌ನಲ್ಲಿ ಎಂಡಿ ಮಾಡ್ತಿದಾಳೆ. ಕೊರೊನಾ ಟೈಮಲ್ಲಿ ಮಂಟಪಕ್ಕೆ ಬೀಗ ಹಾಕಿ ಕೂತಿದ್ದಾಗ ಯಾಕೆ ನಮ್ಮನ್ನೇ ಮೊದಲು ಮುಚ್ಚಿಸ್ತಾರೆ, ಸಂತೆ ಯಾಕೆ ಬಿಟ್ರು, ಬಸ್ ಯಾಕೆ ಬಿಟ್ರು ಅಂತ ರೇಗಾಡ್ತಿದ್ದೆ, ಆಗ ಅವಳು ಬೈದು ಬೈದು ಓದಿಸಿದ್ದು ಇದೆಲ್ಲ. ಆಮೇಲೆ ರುಚಿ ಹತ್ತಿ ನಾನೇ ಹುಡುಕಿ ಓದೋಕೆ ಶುರು ಮಾಡಿದೆ.

ಟೀವೀಲಿ ಯಾವಾಗ್ಲೂ ಒಂದು ಸರಾಸರಿ ಹೇಳ್ತಿದ್ರಲ್ಲ, ಒಬ್ಬ ರೋಗಿಯಿಂದ ಇಬ್ಬರಿಗೆ, ಮೂವರಿಗೆ ಅಂತ. ನಾವೆಲ್ಲ ಅದನ್ನ ಕೇಳಿ ಪ್ರತಿಯೊಬ್ಬನೂ ಲೆಕ್ಕ ಇಟ್ಟು ಇಬ್ಬಿಬ್ಬರಿಗೆ ಹಂಚ್ತಾನೆ ಅನ್ಕೊಂಡಿದ್ವಿ. ಹಂಗಲ್ಲ ಅದು. ಜಗಳೂರು, ಚಳ್ಳಕೆರೆ ಕಡೆ ರೈತರನ್ನ ಕೇಳಿ ನೋಡಿ, ವರ್ಷದ ಸರಾಸರಿ ಮಳೆ ಅಂತ ಪುಸ್ತಕದಲ್ಲಿ ಏನು ಬರೆದಿರ್ತೈತೋ ಅದರಲ್ಲಿ ದೊಡ್ಡ ಪಾಲು ಕೆಲವೇ ದಿನದಲ್ಲಿ ಸುರಿದು ಹೋಗಿರ್ತೈತೆ, ಉಳಿದ ದಿನ ಮೋಡ ನೋಡ್ಕೊಂಡು ಕೂರೋದಷ್ಟೇ. ಸೋಂಕೂ ಹಂಗೇ. ಹತ್ತು ಜನ ರೋಗಿಗಳಿಂದ ಇಪ್ಪತ್ತು ಜನಕ್ಕೆ ಬಂತು ಅನ್ಕೊಳ್ಳಿ, ಸರಾಸರಿ ಎರಡೇ ಆಯ್ತು. ಆದ್ರೆ ಒಳಗೆ ನೋಡಿದ್ರೆ ಏಳು ಜನ ಯಾರಿಗೂ ಕೊಟ್ಟೇ ಇರಲ್ಲ, ಇಬ್ಬರು ಎರಡೆರಡು ಜನಕ್ಕೆ ಕೊಟ್ಟಿರ್ತಾರೆ, ಉಳಿದ ಒಬ್ನಿಂದ ಹದಿನಾರು.

ಇದು ನಾನು ಕಟ್ಟಿದ ಉದಾಹರಣೆ, ನಿಜವಾದ ಲೆಕ್ಕ ಇನ್ನೂ ವಿಪರೀತ. 2003ರಲ್ಲಿ ಸಾರ್ಸ್ ಅನ್ನೋ, ಕೊರೊನಾ ಜಾತಿಯ ವೈರಸ್ಸಿನ ಉಸಿರಾಟದ ಕಾಯಿಲೆ ಬಂದಾಗ ಸಿಂಗಾಪುರದಲ್ಲಿ ಮೊದಲ 201 ರೋಗಿಗಳ ಪೂರ್ತಿ ಜಾತಕ ತೆಗೆದ್ರು. ಅದರಲ್ಲಿ 162 ಜನ, ಅಂದ್ರೆ ನೂರಕ್ಕೆ 81, ಇನ್ನೊಬ್ಬರಿಗೆ ಹಚ್ಚಿದ್ದಕ್ಕೆ ಯಾವ ಗುರುತೂ ಸಿಗ್ಲಿಲ್ಲ. 103 ಜನಕ್ಕೆ ಬಂದಿದ್ದು ಬರೀ ಐದು ಜನರಿಂದ. ಅದಕ್ಕೂ ಮುಂಚೆ ಅದೇ ವರ್ಷ ಫೆಬ್ರವರಿ 21ಕ್ಕೆ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ಒಬ್ಬ ಡಾಕ್ಟ್ರು ಹಾಂಗ್‌ಕಾಂಗಿನ ಮೆಟ್ರೊಪೋಲ್ ಹೋಟೆಲಿನ ಒಂಬತ್ತನೇ ಮಹಡೀಲಿ ಒಂದು ರಾತ್ರಿ ಉಳ್ಕೊಂಡಿದ್ರು, ಅಲ್ಲಿಂದ ಬೇರೆ ಗೆಸ್ಟ್‌ಗಳ ಜೊತೆ ರೋಗ ವಿಯೆಟ್ನಾಂ, ಸಿಂಗಾಪುರ, ಕೆನಡಾ ಮುಟ್ಟಿತು. 2015ರಲ್ಲಿ ದಕ್ಷಿಣ ಕೊರಿಯಾಕ್ಕೆ ಅದೇ ಜಾತಿಯ ಇನ್ನೊಂದು ಕಾಯಿಲೆ, ಮರ್ಸ್ ಬಂತು, ಒಟ್ಟು 186 ಜನಕ್ಕೆ ಆಯ್ತು, 38 ಜನ ತೀರಿಕೊಂಡ್ರು. ಅದರಲ್ಲಿ 80ಕ್ಕೂ ಹೆಚ್ಚು ಜನಕ್ಕೆ ಬಂದಿದ್ದು ಸೋಲ್‌ನ ಒಂದು ದೊಡ್ಡ ಆಸ್ಪತ್ರೆ ಎಮರ್ಜೆನ್ಸಿ ವಾರ್ಡಲ್ಲಿ ಮೂರು ದಿನ ಇದ್ದ ಒಬ್ಬನೇ ರೋಗಿಯಿಂದ. ಬಹುಪಾಲು ರೋಗಿಗಳು ಒಬ್ಬರಿಗೂ ಕೊಡ್ಲಿಲ್ಲ. ಆ ಕೊರಿಯಾದೋರ ಪದ್ಧತಿ ಓದಿದಾಗ ನಮ್ಮ ಜಿಲ್ಲಾಸ್ಪತ್ರೆನೇ ಕಣ್ಣ ಮುಂದೆ ಬಂತು ನೋಡ್ರಿ, ಒಂದು ಮಂಚದ ಸುತ್ತ ನಾಲ್ಕು ಜನ ನೆಂಟರು, ರೋಗಿ ನೋಡ್ಕೊಳ್ಳೋರು ಮನೆಯೋರೇ, ಒಂದು ಆಸ್ಪತ್ರೇಲಿ ಗುಣ ಆಗ್ಲಿಲ್ಲ ಅಂದ್ರೆ ಇನ್ನೊಂದಕ್ಕೆ ಹೋಗೋದು, ಕಾರಿಡಾರಲ್ಲೇ ವಾಸ.

ಹೊರದೇಶದ ಮಾತು ಬೇಡ ಅನ್ನೋರಿಗೆ ಪಕ್ಕದ ಮನೆಯೋರ ಲೆಕ್ಕನೇ ಐತೆ. 2020ರಲ್ಲಿ ತಮಿಳುನಾಡು ಮತ್ತೆ ಆಂಧ್ರದ ಸುಮಾರು 85 ಸಾವಿರ ಕೊರೊನಾ ರೋಗಿಗಳು, ಅವರ ಸಂಪರ್ಕದಲ್ಲಿದ್ದ ಐದೂಮುಕ್ಕಾಲು ಲಕ್ಷ ಜನ, ಇಷ್ಟು ದೊಡ್ಡ ಲೆಕ್ಕ ಸೈನ್ಸ್ ಪತ್ರಿಕೇಲಿ ಬಂತು. ಟೆಸ್ಟ್ ಮಾಡಿದ ಸಂಪರ್ಕದೋರನ್ನ ನೋಡಿದ್ರೆ ನೂರಕ್ಕೆ 70 ರೋಗಿಗಳಿಂದ ಒಬ್ಬರಿಗೂ ಬಂದಿರ್ಲಿಲ್ಲ. ನಮ್ಮ ಆಶಾ ಕಾರ್ಯಕರ್ತೆಯರಂಥೋರೇ ಅಲ್ಲೂ ಬಿಸಿಲಲ್ಲಿ ಮನೆ ಮನೆ ತಿರುಗಿ ಕೂಡಿಸಿದ ಲೆಕ್ಕ ಅದು.

ಇದಕ್ಕೆ ಗಣಿತದೋರು ಕೆ ಅಂತ ಒಂದು ಅಕ್ಷರ ಇಟ್ಟಿದಾರೆ. ಕೆ ಸಣ್ಣದಾದಷ್ಟೂ ಹರಡೋ ಕೆಲಸ ಕೆಲವೇ ಜನರ ಪಾಲು. 2005ರಲ್ಲಿ ನೇಚರ್ ಪತ್ರಿಕೇಲಿ ಬಂದ ಲೇಖನದಲ್ಲಿ ಸಾರ್ಸಿಗೆ ಅದು 0.16 ಅಂತ ಲೆಕ್ಕ ಹಾಕಿದ್ರು, ಅಂದ್ರೆ ತೀರಾ ಸಣ್ಣದು. ಅದೇ ಲೇಖನದ ಇನ್ನೊಂದು ಮಾತು ನನಗೆ ಬಹಳ ಹಿಡಿಸ್ತು: ಇಂಥ ರೋಗ ಊರಿಗೆ ಬಂದ್ರೂ ಹೆಚ್ಚು ಸಲ ತನ್ನಷ್ಟಕ್ಕೆ ತಾನೇ ಆರಿ ಹೋಗ್ತೈತೆ, ಹತ್ತಿಕೊಂಡಾಗ ಮಾತ್ರ ಭಯಂಕರ ಹತ್ತಿಕೊಳ್ತೈತೆ. ನಮ್ಮ ಜನರ ವಾದ ನೆನಪಿದೆಯಾ, "ನಮ್ಮ ಮಗಳ ಮದುವೇಲಿ ಎಂಟುನೂರು ಜನ ಊಟ ಮಾಡಿದ್ರು, ಯಾರಿಗೇನಾಯ್ತು?" ಅಂತ. ಆ ಟೈಮಲ್ಲಿ ನಾನೂ ಓನರ್ ಮುಂದೆ ಇದೇ ಡೈಲಾಗ್ ಹೊಡೆದಿದೀನಿ ಬಿಡಿ. ಹಿಂದಿನ ಇಪ್ಪತ್ತು ಮದುವೆ ಸುಖವಾಗಿ ಮುಗಿದ್ವು ಅಂದ ಮಾತ್ರಕ್ಕೆ ಇಪ್ಪತ್ತೊಂದನೇದೂ ಹಂಗೇ ಆಗ್ತೈತೆ ಅಂತ ಈ ಲೆಕ್ಕದಲ್ಲಿ ಎಲ್ಲೂ ಇಲ್ಲ.

ಹಂಗಾದ್ರೆ ಆ ಐದು ಜನ, ಆ ಒಬ್ಬ, ಯಾರಪ್ಪ ಇವರು ಅಂತ ಕೇಳ್ತೀರಿ. ಜೋರಾಗಿ ಕೆಮ್ಮೋರು, ತೀರಾ ಕಾಯಿಲೆ ಬಿದ್ದೋರು ಅಂತ ನಾನೂ ಅನ್ಕೊಂಡಿದ್ದೆ. ಇಂಗ್ಲೆಂಡಲ್ಲಿ 36 ಜನ ಆರೋಗ್ಯವಂತ ಹುಡುಗ ಹುಡುಗೀರು ತಾವಾಗೇ ಒಪ್ಪಿ ಮೂಗಿಗೆ ಕೊರೊನಾ ವೈರಸ್ ಹಾಕಿಸ್ಕೊಂಡ್ರು (ಧೈರ್ಯ ನೋಡ್ರಿ), 18 ಜನಕ್ಕೆ ಸೋಂಕು ಹತ್ತಿತು. ದಿನಾ ಅವರ ಉಸಿರು, ಕೋಣೆ ಗಾಳಿ, ಮಾಸ್ಕು ಎಲ್ಲಾ ಪರೀಕ್ಷೆ ಮಾಡಿದ್ರು. ಗಾಳೀಲಿ ಸಿಕ್ಕ ಒಟ್ಟು ವೈರಸ್ಸಿನಲ್ಲಿ ನೂರಕ್ಕೆ 86 ಪಾಲು ಹೊರಬಿಟ್ಟಿದ್ದು ಇಬ್ಬರೇ ಇಬ್ಬರು. ಇನ್ನೂ ಮಜಾ ಅಂದ್ರೆ ಅತಿ ಹೆಚ್ಚು ಕಾಯಿಲೆ ಲಕ್ಷಣ ಹೇಳ್ಕೊಂಡೋರು ಬೇರೆ, ಅತಿ ಹೆಚ್ಚು ವೈರಸ್ ಬಿಟ್ಟೋರು ಬೇರೆ. ಮುಲುಗುಟ್ಟುತ್ತಾ ಮಲಗಿದೋನು ಪಾಪದೋನು ಇರಬಹುದು, ಎಲೆ ಅಡಿಕೆ ಹಾಕ್ಕೊಂಡು ನಗ್ತಾ ಓಡಾಡೋನು ಕೋಣೆ ತುಂಬ ಬಿಡ್ತಿರಬಹುದು, ಇಬ್ಬರಿಗೂ ಗೊತ್ತಿರಲ್ಲ. ಮಾತಾಡುವಾಗ ಕೆಲವರ ಬಾಯಿಂದ ಉಳಿದೋರಿಗಿಂತ ಎಷ್ಟೋ ಪಟ್ಟು ಹೆಚ್ಚು ಸಣ್ಣ ಹನಿ ಬರ್ತಾವೆ, ದನಿ ಏರಿದಂಗೆಲ್ಲ ಜಾಸ್ತಿ ಆಗ್ತಾವೆ ಅಂತಾನೂ ಅಳೆದಿದಾರೆ. ಇಂಥೋನು ಇವನೇ ಅಂತ ಮೊದಲೇ ಹೇಳೋ ಟೆಸ್ಟ್ ಮಾತ್ರ ಯಾವ ಲ್ಯಾಬಲ್ಲೂ ಇಲ್ಲ. ಅಂದ್ಮೇಲೆ ನಿಮ್ಮ ಹಾಸ್ಟೆಲ್ ಹುಡುಗ ಏನು ತಪ್ಪು ಮಾಡಿದ ಹೇಳಿ.

ಮೈಯೊಳಗಿಂದು ಅರ್ಧ ಕಥೆ ಅಷ್ಟೇ, ಉಳಿದರ್ಧ ಅವನು ಆ ಎರಡು ಮೂರು ದಿನ ಎಲ್ಲಿದ್ದ ಅನ್ನೋದು. ಅದೇ ಮನುಷ್ಯ ಹೊಲದಲ್ಲಿ ಒಬ್ನೇ ಇದ್ದಿದ್ರೆ ಆ ಏಳು ಜನರ ಪಟ್ಟೀಲಿ ಸೇರಿರ್ತಿದ್ದ. 1977ರಲ್ಲಿ ಅಲಾಸ್ಕಾದಲ್ಲಿ 54 ಜನ ಇದ್ದ ಒಂದು ವಿಮಾನ ಇಂಜಿನ್ ತೊಂದರೆಯಿಂದ ಮೂರು ಗಂಟೆ ನೆಲದ ಮೇಲೇ ನಿಂತಿತ್ತು, ಗಾಳಿ ಆಡಿಸೋ ವ್ಯವಸ್ಥೆ ಬಂದ್ ಆಗಿತ್ತು, ಒಳಗೆ ಒಬ್ಬರಿಗೆ ಫ್ಲೂ ಇತ್ತು. ಮೂರು ದಿನದೊಳಗೆ ಪ್ರಯಾಣಿಕರಲ್ಲಿ ನೂರಕ್ಕೆ 72 ಜನ ಕಾಯಿಲೆ ಬಿದ್ರು. 2020ರ ಮಾರ್ಚ್ 10ಕ್ಕೆ ಅಮೆರಿಕಾದ ವಾಷಿಂಗ್ಟನ್ ರಾಜ್ಯದಲ್ಲಿ 61 ಜನ ಒಂದು ಹಾಲಲ್ಲಿ ಎರಡೂವರೆ ಗಂಟೆ ಭಜನೆ ಥರ ಒಟ್ಟಿಗೆ ಹಾಡೋ ಪ್ರಾಕ್ಟೀಸ್ ಮಾಡಿದ್ರು, 53 ಜನಕ್ಕೆ ಕೊರೊನಾ ಆಯ್ತು, ಇಬ್ಬರು ಸತ್ರು. ದಡಾರ ಇನ್ನೂ ಜೋರು. 1974ರಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಪ್ರೈಮರಿ ಸ್ಕೂಲಲ್ಲಿ ಒಂದು ಮಗುವಿಂದ 28 ಮಕ್ಕಳಿಗೆ ಹತ್ತಿತು, ಅದರಲ್ಲಿ ಎಷ್ಟೋ ಮಕ್ಕಳು ಆ ಮಗುವಿನ ಕ್ಲಾಸಲ್ಲಿ ಕೂತೇ ಇರ್ಲಿಲ್ಲ. ಒಂದು ಕ್ಲಾಸಿನ ಗಾಳಿ ಪೈಪಲ್ಲಿ ತಿರುಗಿ ಇನ್ನೊಂದು ಕ್ಲಾಸಿಗೆ ಹೋಗ್ತಿತ್ತು, ಅಷ್ಟೇ.

ಈಗ ನನ್ನ ಫೀಲ್ಡಿಗೆ ಬರ್ತೀನಿ. ದಾವಣಗೆರೇಲಿ ಈಗ ಕಟ್ಟೋ ಮಂಟಪಗಳನ್ನ ನೋಡಿ, ಮೇಲೆ ಮದುವೆ ಹಾಲು, ಕೆಳಗೆ ನೆಲಮಾಳಿಗೇಲಿ ಊಟದ ಹಾಲು. ಸೈಟಿನ ರೇಟ್ ಆ ಥರ ಐತೆ, ಓನರನ್ನ ಬೈಯೋಕೆ ಆಗಲ್ಲ. ಊಟದ ಹಾಲಿಗೆ ಕಿಟಕಿ ಅಂದ್ರೆ ಸೂರಿನ ಹತ್ರ ಮೊಳದಷ್ಟು ಗ್ರಿಲ್ಲು, ಅದಕ್ಕೂ ಡೆಕೊರೇಷನ್ನಿನೋರು ಬಟ್ಟೆ ಹೊಡೆದಿರ್ತಾರೆ. ಎಸಿ ಹಾಕಿದೀವಲ್ಲ ಅಂತಾರೆ. ಗೋಡೆಗೆ ಹಾಕೋ ಎಸಿ ಇರೋ ಗಾಳೀನೇ ತಣ್ಣಗೆ ಮಾಡಿ ತಿರುಗಿಸ್ತೈತೆ, ಹೊರಗಿನ ಗಾಳಿ ಒಂದು ಹಿಡಿನೂ ಒಳಗೆ ತರಲ್ಲ. ಎಸಿ ಮಾಡಿಸಿದ ಮಂಟಪದಲ್ಲಿ ಮೊದಲು ಮಾಡೋ ಕೆಲಸನೇ ಬಾಗಿಲು ಮುಚ್ಚೋದು, ಕರೆಂಟ್ ಬಿಲ್ ಬರ್ತೈತೆ ಅಂತ. ಎಕ್ಸಾಸ್ಟ್ ಫ್ಯಾನ್ ಇರ್ತೈತೆ, ಸದ್ದು ಮಾಡ್ತೈತೆ ವಿಡಿಯೋದಲ್ಲಿ ಬರ್ತೈತೆ ಅಂತ ವಿಡಿಯೋದೋನೇ ಬಂದು ಸ್ವಿಚ್ ಆಫ್ ಮಾಡಿ ಹೋಗ್ತಾನೆ. ಇನ್ನು ಪಂಕ್ತಿ ಗಲಾಟೆ ನಿಮಗೆ ಗೊತ್ತಲ್ಲ, ಕೂತು ಉಣ್ಣೋರ ಬೆನ್ನ ಹಿಂದೆ ಮುಂದಿನ ಪಂಕ್ತಿಯೋರು ಚೇರ್ ಹಿಡ್ಕೊಂಡು ನಿಂತಿರ್ತಾರೆ, ಮೇಲಿಂದ ಆರ್ಕೆಸ್ಟ್ರಾ ಸದ್ದು, ಅದರ ಮೇಲೆ ಮಾತಾಡ್ಬೇಕು ಅಂದ್ರೆ ಕಿರುಚಲೇಬೇಕು, ಹೋಳಿಗೆ ಬಡಿಸೋ ಹುಡುಗ ಒಬ್ಬೊಬ್ಬರ ಮುಖದ ಹತ್ರ ಬಗ್ಗಿ "ತುಪ್ಪ ಹಾಕ್ಲಾ" ಅಂತಾನೆ. ಮದುಮಗಳ ರೂಮಂತೂ ಕೇಳ್ಬೇಡಿ, ಹತ್ತಕ್ಕೆ ಹನ್ನೆರಡರ ಕೋಣೇಲಿ ಮೇಕಪ್ಪಿನೋರು, ಗೆಳತೀರು, ಅತ್ತೆ ಚಿಕ್ಕಮ್ಮ ಎಲ್ಲ ಸೇರಿ ಇಪ್ಪತ್ತು ಜನ, ಬಾಗಿಲು ಹಾಕಿ ಮೂರು ಗಂಟೆ. ಒಳ್ಳೆ ಮುಹೂರ್ತ ಇದ್ದ ದಿನ ಫೋಟೋಗ್ರಾಫರು, ಪುರೋಹಿತರು, ಬ್ಯೂಟಿಷಿಯನ್ನು ಇವರೆಲ್ಲ ಇಲ್ಲಿ ಮುಗಿಸಿ ಹರಿಹರ, ಅಲ್ಲಿ ಮುಗಿಸಿ ಚನ್ನಗಿರಿ ಅಂತ ಓಡ್ತಿರ್ತಾರೆ. ವೈರಸ್ಸಿಗೆ ಇದಕ್ಕಿಂತ ಬೇರೆ ಏನು ಬೇಕ್ರಿ.

ಒಂದು ಮೀಟರ್ ಸಿಗ್ತೈತೆ, ಕೋಣೇಲಿ ಇಂಗಾಲದ ಡೈಆಕ್ಸೈಡ್ ಎಷ್ಟೈತೆ ತೋರಿಸೋದು. ಬಯಲಲ್ಲಿ 420 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಲ್ಲಿ ಇಷ್ಟು ಪಾಲು ಅಂತ) ಆಸುಪಾಸು ಇರ್ತೈತೆ, ಒಳಗೆ ಸಾವಿರ ದಾಟಿ ಮೇಲೆ ಹೋಗ್ತಿದೆ ಅಂದ್ರೆ ಒಬ್ಬರು ಬಿಟ್ಟ ಉಸಿರನ್ನ ಇನ್ನೊಬ್ಬರು ಎಳ್ಕೊಳ್ತಿದಾರೆ ಅಂತ ಅರ್ಥ. ಅಣ್ಣನ ಮಗಳು ಒಂದು ತಂದುಕೊಟ್ಲು. ಎರಡನೇ ಪಂಕ್ತಿ ಟೈಮಲ್ಲಿ ಊಟದ ಹಾಲಲ್ಲಿ ಇಟ್ರೆ ನಂಬರ್ ಏರ್ತಾನೇ ಹೋಯ್ತು, ಅಡುಗೆಮನೆ ಕಡೆ ಶಟರ್ ಎತ್ತಿಸಿ ಎಕ್ಸಾಸ್ಟ್ ಹಾಕಿಸಿದ್ಮೇಲೆ ಇಳೀತು. ಖರ್ಚು ಸೊನ್ನೆ. ವಿಡಿಯೋದೋನು ಮುಖ ಊದಿಸ್ಕೊಂಡ, ಅಷ್ಟೇ. ಎಕ್ಸಾಸ್ಟ್ ಹಾಕೋದ್ರಲ್ಲೂ ತಲೆ ಓಡಿಸ್ಬೇಕು ಮತ್ತೆ. 2003ರಲ್ಲಿ ಹಾಂಗ್‌ಕಾಂಗಿನ ಅಮಾಯ್ ಗಾರ್ಡನ್ಸ್ ಅನ್ನೋ ಅಪಾರ್ಟ್‌ಮೆಂಟಲ್ಲಿ 300ಕ್ಕೂ ಹೆಚ್ಚು ಜನಕ್ಕೆ ಸಾರ್ಸ್ ಬಂದಿದ್ದು ಬಚ್ಚಲಿನ ಪೈಪಿನಿಂದ ಅಂತ ತನಿಖೆ ಮಾಡಿದೋರು ಹೇಳಿದ್ರು. ನೆಲದ ಜಾಲರಿ ಕೆಳಗಿನ ಬಾಗಿದ ಪೈಪಲ್ಲಿ ನೀರು ನಿಂತಿರ್ಬೇಕು, ಅದು ಒಣಗಿ ಹೋಗಿತ್ತು, ಬಚ್ಚಲಿನ ಎಕ್ಸಾಸ್ಟ್ ಹಾಕಿದ್ರೆ ಡ್ರೈನೇಜ್ ಗಾಳಿ ಮನೆಯೊಳಗೇ ಬರ್ತಿತ್ತು. ಇದನ್ನ ಓದಿದ್ಮೇಲೆ ಬಳಸದೇ ಇರೋ ಬಾತ್‌ರೂಮಿಗೆಲ್ಲ ಮದುವೆ ಹಿಂದಿನ ದಿನ ಒಂದೊಂದು ಬಕೆಟ್ ನೀರು ಸುರಿಸ್ತೀನಿ. ವಾಸನೇನೂ ಕಮ್ಮಿ ಆಗೈತೆ.

ಜ್ವರ ಇದ್ದೋರು ಬರಬಾರ್ದು ಅಲ್ವಾ, ಅವರಿಗೆ ಜವಾಬ್ದಾರಿ ಬೇಡ್ವಾ ಅಂತ ಕೇಳೋರಿದಾರೆ. ಬೇಕು, ಇಲ್ಲ ಅನ್ನಲ್ಲ. ಆದ್ರೆ ಅಕ್ಕನ ಮಗಳ ಮದುವೆಗೆ ಸೋದರಮಾವ ಬರ್ಲಿಲ್ಲ ಅಂದ್ರೆ ಸಾಯೋವರೆಗೂ ಅದೇ ಮಾತು, ಆ ಮನುಷ್ಯ ಮಾತ್ರೆ ನುಂಗಿ ಶಾಲು ಹೊದ್ಕೊಂಡಾದ್ರೂ ಬಂದೇ ಬರ್ತಾನೆ. ಕರೆಯೋರೇ ಬಾಯಿ ಬಿಟ್ಟು ಹೇಳ್ಬೇಕು, ಹುಷಾರಿಲ್ಲ ಅಂದ್ರೆ ಬರ್ಬೇಡ ಮಾವ, ಮುಯ್ಯಿ ಫೋನ್‌ಪೇ ಮಾಡು, ವಾರ ಬಿಟ್ಟು ಮನೆಗೆ ಬಂದು ಊಟ ಮಾಡ್ಕೊಂಡು ಹೋಗು ಅಂತ. ಅಷ್ಟಾದ್ರೂ ಕೊರೊನಾದಲ್ಲಿ ಲಕ್ಷಣ ಕಾಣೋಕೆ ಎರಡು ದಿನ ಮುಂಚೆಯಿಂದಲೇ ಹರಡೋಕಾಗ್ತಿತ್ತು, ತನಗೆ ಬಂದಿರೋದೇ ಗೊತ್ತಿಲ್ಲದೋನು ಏನಂತ ಮನೇಲಿ ಕೂರ್ತಾನೆ. ಅದಕ್ಕೇ ಬಾಗಿಲು ಕಿಟಕಿ ಮುಖ್ಯ ಅನ್ನೋದು, ಅಲ್ಲಿ ಯಾರು ಹೆಚ್ಚು ಬಿಡೋರು ಯಾರು ಕಮ್ಮಿ ಬಿಡೋರು ಅಂತ ಗೊತ್ತಿರಬೇಕಾಗಿಲ್ಲ.

ಇನ್ನು ಹುಡುಕೋ ರೀತಿ. ನಮ್ಮಲ್ಲಿ ಒಬ್ಬ ರೋಗಿ ಸಿಕ್ಕ ಅಂದ್ರೆ ಅವನು ಯಾರ್ಯಾರನ್ನ ಭೇಟಿ ಮಾಡಿದ ಅಂತ ಮುಂದಕ್ಕೆ ಹುಡುಕ್ತಾರೆ. ಜಪಾನಿನೋರು 2020ರಲ್ಲಿ ಅದರ ಜೊತೆಗೆ ಹಿಂದಕ್ಕೂ ಹುಡುಕಿದ್ರು, ಇವನಿಗೆ ಎಲ್ಲಿ ಬಂತು, ಅಲ್ಲಿ ಇನ್ಯಾರಿದ್ರು ಅಂತ. ಲೆಕ್ಕ ಸರಿಯಾಗೇ ಐತೆ ನೋಡಿ, ಹೆಚ್ಚು ಜನಕ್ಕೆ ಬಂದಿರೋದು ಕೆಲವೇ ಕಡೆಯಿಂದ ಅಂದ್ಮೇಲೆ ಯಾವ ರೋಗೀನ ಹಿಡಿದು ಹಿಂದಕ್ಕೆ ಹೋದ್ರೂ ಅಂಥ ಒಂದು ಜಾಗ ಸಿಗೋ ಸಾಧ್ಯತೆ ಜಾಸ್ತಿ, ಆ ಜಾಗ ಸಿಕ್ರೆ ಒಂದೇ ಏಟಿಗೆ ಹತ್ತಾರು ಜನ ಸಿಗ್ತಾರೆ. ಮುಂದಕ್ಕೆ ಮಾತ್ರ ಹೋದ್ರೆ ಹೆಚ್ಚಿನ ಸಲ ಯಾರಿಗೂ ಕೊಡದೇ ಇರೋ ಆ ಏಳು ಜನರ ಹಿಂದೆ ಸಿಬ್ಬಂದಿ ಸವೆದು ಹೋಗ್ತಾರೆ. ಮುಚ್ಚಿದ ಜಾಗ, ಜನಸಂದಣಿ, ಹತ್ತಿರ ನಿಂತು ಮಾತು, ಈ ಮೂರು ಒಂದೇ ಕಡೆ ಸೇರೋದನ್ನ ತಪ್ಪಿಸಿ ಅಂತ ಜನಕ್ಕೆ ಹೇಳಿದ್ರು ಅಲ್ಲಿ. ಬೀದೀಲಿ ಒಬ್ನೇ ಹೋಗೋ ಸೈಕಲ್ಲಿನೋನಿಗೆ ಮಾಸ್ಕ್ ದಂಡ ಹಾಕೋಕ್ಕಿಂತ ಇದು ಎಷ್ಟೋ ವಾಸಿ ಅಂತ ನನ್ನ ಅಭಿಪ್ರಾಯ.

ಹಿಂದಕ್ಕೆ ಹೋಗಿ ಜಾಗ ಹುಡುಕಬೇಕು ಅಂದ್ರೆ ಜನ ಬಾಯಿ ಬಿಡ್ಬೇಕಲ್ಲ. ಇಲ್ಲೇ ನಿಮ್ಮ ಪೇಪರ್ ಬರೋದು. 2020ರ ಏಪ್ರಿಲ್ ಕೊನೇಲಿ ನಮ್ಮ ಜಿಲ್ಲೆ ಹಸಿರು ವಲಯ ಅಂತ ಎಲ್ಲರೂ ಬೀಗ್ತಿದ್ರು, ಮೇ ಮೊದಲ ವಾರಕ್ಕೆ ಕೇಸ್ ಸರ್ರನೆ ಏರಿದ್ವು. ಸರ್ಕಾರದ ಬುಲೆಟಿನ್ನಲ್ಲಿ ರೋಗಿಗಳಿಗೆ ಪಿ ಅಂತ ನಂಬರ್ ಹಾಕಿ ಯಾರಿಂದ ಯಾರಿಗೆ ಅಂತ ಬರ್ತಿತ್ತಲ್ಲ, ವಾಟ್ಸಾಪಲ್ಲಿ ಜನ ಅದನ್ನ ವಂಶವೃಕ್ಷ ಮಾಡಿ ಹಂಚಿದ್ರು, ಯಾವ ಏರಿಯಾ, ಯಾವ ಜಾತಿ, ಯಾವ ಕೆಲಸ ಎಲ್ಲಾ ಎಳೆದು ತಂದ್ರು. ನಮ್ಮ ಅಡುಗೆ ಹುಡುಗ್ರಲ್ಲಿ ಒಬ್ಬ ಆ ಏರಿಯಾದೋನು, ಲಾಕ್‌ಡೌನ್ ಮುಗಿದ ಮೇಲೂ ಅವನಿಗೆ ಬಡಿಸೋಕೆ ಬರ್ಬೇಡ ಅಂದ ಪಾರ್ಟಿಗಳಿದಾರೆ. ಆಮೇಲೆ ಏನಾಯ್ತು? ಜ್ವರ ಬಂದ್ರೆ ಜನ ಮೆಡಿಕಲ್ ಶಾಪಲ್ಲಿ ಮಾತ್ರೆ ತಗೊಂಡು ಸುಮ್ಮನಾದ್ರು, ಟೆಸ್ಟಿಗೆ ಹೋದ್ರೆ ಪೇಪರಲ್ಲಿ ಬರ್ತೀವಿ ಅಂತ. 2021ರ ನವೆಂಬರಲ್ಲಿ ಧಾರವಾಡದ ಒಂದು ಮೆಡಿಕಲ್ ಕಾಲೇಜಲ್ಲಿ ಕಾರ್ಯಕ್ರಮ ಆದ್ಮೇಲೆ 250ಕ್ಕೂ ಹೆಚ್ಚು ಜನಕ್ಕೆ ಕೊರೊನಾ ಸಿಕ್ಕಿತು, ಬಹುತೇಕ ಎರಡೂ ಡೋಸ್ ಹಾಕಿಸ್ಕೊಂಡೋರೇ. ನಾನು ಓದಿದ ಸುದ್ದೀಲಿ ಮೊದಲನೇ ಹುಡುಗ ಯಾರು ಅಂತ ಊರು ಕೇರಿ ಹುಡುಕಿರ್ಲಿಲ್ಲ, ಕಾರ್ಯಕ್ರಮ ಅಂತ ಹೇಳಿದ್ರು, ಕ್ಯಾಂಪಸ್ ಪೂರ್ತಿ ಟೆಸ್ಟ್ ಮಾಡಿದ್ರು. ಅದೇ ಮರ್ಯಾದೆ ನಮ್ಮ ಹಾಸ್ಟೆಲ್ ಹುಡುಗನಿಗೆ ಯಾಕಿಲ್ಲ ಅನ್ನೋದು ನನ್ನ ಪ್ರಶ್ನೆ.

ಮಹಾನಗರ ಪಾಲಿಕೆಯೋರಿಗೂ ಒಂದು ಮಾತು, ನಿಮ್ಮ ಮೂಲಕ. ಮಂಟಪಕ್ಕೆ, ಕೋಚಿಂಗ್ ಸೆಂಟರಿಗೆ, ಪಿಜಿಗೆ ಲೈಸೆನ್ಸ್ ಕೊಡುವಾಗ ಬೆಂಕಿ ಬಿದ್ರೆ ಏನು ಮಾಡ್ತೀರಿ ಅಂತ ಕೇಳ್ತೀರಲ್ಲ, ಹೊರಗಿನ ಗಾಳಿ ಎಲ್ಲಿಂದ ಬರ್ತೈತೆ ಅಂತಾನೂ ಕೇಳಿ. ವಿದ್ಯಾನಗರದ ಕಡೆ ಕೆಲವು ಕೋಚಿಂಗ್ ಕ್ಲಾಸ್ ನೋಡಿದೀನಿ, ಅಂಗಡಿ ಮಳಿಗೇಲಿ ಶಟರ್ ಅರ್ಧ ಎಳೆದು, ಗಾಜು ಹಾಕಿ, ಎಸಿ ಬಿಟ್ಟು ನೂರು ಮಕ್ಕಳನ್ನ ಕೂರಿಸಿರ್ತಾರೆ, ನೀಟ್ ಪರೀಕ್ಷೆ ಹತ್ರ ಬಂದ್ರೆ ಜ್ವರ ಇದ್ರೂ ಯಾವ ಮಗುನೂ ರಜಾ ಹಾಕಲ್ಲ. ಈ ವಿಷಯದಲ್ಲಿ ಮಂಟಪದೋರೇ ಒಳ್ಳೆಯೋರು, ನಮ್ಮಲ್ಲಿ ಜನ ಒಂದು ದಿನ ಬಂದು ಹೋಗ್ತಾರೆ.

ನಿಮ್ಮ ವರದಿಗಾರರನ್ನ ಮುಂದಿನ ಮುಹೂರ್ತದ ದಿನ ನಮ್ಮಲ್ಲಿಗೇ ಕಳಿಸಿ. ನಮ್ಮ ಊಟದ ಹಾಲೂ ನೆಲಮಾಳಿಗೇಲೇ ಇರೋದು, ಮುಚ್ಚಿಡೋದು ಏನೂ ಇಲ್ಲ. ಮಧ್ಯಾಹ್ನ ಒಂದೂವರೆಗೆ, ಎರಡನೇ ಪಂಕ್ತಿ ಕೂರೋ ಹೊತ್ತಿಗೆ ಬರ್ಲಿ, ಮೀಟರ್ ಅವರ ಕೈಗೇ ಕೊಡ್ತೀನಿ, ಶಟರ್ ಇಳಿಸಿದಾಗ ಎಷ್ಟು ಎತ್ತಿದಾಗ ಎಷ್ಟು ಅಂತ ಅವರೇ ಬರ್ಕೊಳ್ಳಲಿ, ಫೋಟೋ ಹಾಕಿ. ಓನರಿಗೆ ನಾನು ಹೇಳ್ಕೋತೀನಿ. ಊಟ ಮಾಡ್ಕೊಂಡೇ ಹೋಗ್ಬೇಕು ಮತ್ತೆ.

ಇಂತಿ,
ಒಬ್ಬ ಕಲ್ಯಾಣ ಮಂಟಪದ ಮ್ಯಾನೇಜರ್
ದಾವಣಗೆರೆ